ಹೆಸರೊಂದೇ ಕೂಲಿಯಾದಾಗ

2004ರಲ್ಲಿ ‘ಯೂಲ್’ ಎಂಬ ಅಡ್ಡಹೆಸರಿನ ವಿಡಿಯೊ ಗೇಮ್ ಹವ್ಯಾಸಿಯೊಬ್ಬ ಅಂತರಜಾಲದಲ್ಲಿ ಪುಟ್ಟದೊಂದು ಪ್ರಕಟಣೆ ಹೊರಡಿಸಿದ. ತಾನು ರೂಪಿಸಿದ ಆಟವನ್ನು ಇನ್ನು ಮುಂದೆ ಯಾರು ಬೇಕಾದರೂ ತಿದ್ದಬಹುದು, ಬೆಳೆಸಬಹುದು, ತಮ್ಮದೇ ಆವೃತ್ತಿಯನ್ನು ಹೊರತರಬಹುದು, ಅದಕ್ಕೆ ತನ್ನ ಅಪ್ಪಣೆ ಬೇಕಿಲ್ಲ ಎಂಬುದು ಅದರ ಸಾರಾಂಶ. ಜೊತೆಗೆ ಒಂದೇ ಒಂದು ಕೋರಿಕೆಯಿತ್ತು: ನೆರವಾದವರ ಪಟ್ಟಿಯಲ್ಲಿ ತನ್ನನ್ನೂ ಒಮ್ಮೆ ನೆನೆಯಬೇಕು. ಆ ಆಟದ ಹೆಸರು ‘ಡೋಟಾ’.

13 ವರ್ಷಗಳ ತರುವಾಯ, 2017ರ ಮೇ ತಿಂಗಳಲ್ಲಿ, ಕ್ಯಾಲಿಫೋರ್ನಿಯದ ಫೆಡರಲ್ ನ್ಯಾಯಾಧೀಶ ಚಾರ್ಲ್ಸ್ ಬ್ರೇಯರ್ ಅವರು ತಮ್ಮ ಆದೇಶವೊಂದರಲ್ಲಿ ಈ ಪ್ರಕಟಣೆಯ ಅರ್ಥವೇನೆಂದು ವಿವೇಚಿಸಬೇಕಾಗಿ ಬಂತು. ಅಷ್ಟು ಹೊತ್ತಿಗೆ ಆ ಹವ್ಯಾಸಿ ಆಟದ ಸುತ್ತ ಬ್ಲಿಜರ್ಡ್, ವಾಲ್ವ್‌ನಂಥ ದೈತ್ಯ ಕಂಪನಿಗಳು ಹಕ್ಕಿನ ಬೇಲಿ ಹಾಕಿಯಾಗಿತ್ತು. ಅವುಗಳಿಂದ ಮೊಕದ್ದಮೆ ಎದುರಿಸುತ್ತಿದ್ದ ಯೂಕೂಲ್ ಎಂಬ ಸಂಸ್ಥೆಯ ವಾದ ಹೀಗಿತ್ತು: ಹಲವು ಕೈಗಳು ಕೂಡಿ ಕಟ್ಟಿದ, ಕಟ್ಟಿದವನೇ ಬಿಟ್ಟುಕೊಟ್ಟ ಈ ಆಟದ ಮೇಲೆ ಇಂದು ಯಾರೂ ಒಡೆತನ ಸಾಧಿಸುವಂತಿಲ್ಲ. ನ್ಯಾಯಾಧೀಶರು ಆ ವಾದವನ್ನು ಅಲ್ಲಿಯೇ ಎತ್ತಿಹಿಡಿಯಲಿಲ್ಲ. ಅದು ಜ್ಯೂರಿಯ ಮುಂದೆ ತೀರ್ಮಾನವಾಗಬೇಕಾದ ಪ್ರಶ್ನೆಯೆಂದರು.

ಕಾನೂನಿನ ಜಟಿಲತೆ ಏನೇ ಇರಲಿ, ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಯೂಲ್‌ನ ಆ ಕೋರಿಕೆ. ಹಣ ಕೇಳಲಿಲ್ಲ, ಹಕ್ಕು ಕೇಳಲಿಲ್ಲ. ಕೇಳಿದ್ದು ಪಟ್ಟಿಯಲ್ಲೊಂದು ಸಾಲು. ಇಷ್ಟು ಅಗ್ಗದ ಋಣವನ್ನು ತೀರಿಸಲು ಜಗತ್ತಿಗೇಕೆ ಇಷ್ಟು ಕಷ್ಟವಾಗುತ್ತದೆ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಬಿಡದಿರುವುದಕ್ಕೆ ನನ್ನದೇ ಒಂದು ಕಾರಣವೂ ಇದೆ. ಅದನ್ನು ಮುಂದೆ ಹೇಳುತ್ತೇನೆ.

ಗಣಕದ ಆಟಗಳ ಪರಿಚಯವಿಲ್ಲದ ಓದುಗರಿಗಾಗಿ ಒಂದೆರಡು ಮಾತು. ಕಂಪನಿಯೊಂದು ಮಾರಾಟಕ್ಕೆ ಬಿಟ್ಟ ಆಟವನ್ನು ಆಟಗಾರರೇ ಬಿಚ್ಚಿ, ತಿದ್ದಿ, ಹೊಸ ಪಾತ್ರ, ಹೊಸ ನಕ್ಷೆ, ಹೊಸ ನಿಯಮಗಳನ್ನು ಸೇರಿಸಿ ಬೇರೊಂದು ರೂಪ ಕೊಡುವುದಕ್ಕೆ ‘ಮಾಡಿಂಗ್’ ಎಂದೂ, ಹಾಗೆ ಸಿದ್ಧವಾದುದಕ್ಕೆ ‘ಮಾಡ್’ ಎಂದೂ ಹೆಸರು. ‘ಮಾಡಿಫಿಕೇಶನ್’ ಎಂಬ ಇಂಗ್ಲಿಷ್ ಪದದ ಮೊಟಕು ರೂಪವದು. ಕನ್ನಡದ ಕಿವಿಗೆ ಮಾತ್ರ ‘ಮಾಡು’ ಎಂದೇ ಕೇಳಿಸುತ್ತದೆ. ಅರ್ಥವೂ ಅದಕ್ಕೆ ತೀರಾ ದೂರವಿಲ್ಲ. ಈ ಕೆಲಸಕ್ಕೆ ಸಂಬಳವಿಲ್ಲ, ಒಪ್ಪಂದವಿಲ್ಲ, ನಿವೃತ್ತಿವೇತನವಿಲ್ಲ. ಮೂಲ ಆಟದ ಒಡೆತನ ಕಂಪನಿಯದಾದ್ದರಿಂದ ಮಾಡ್‌ಗಳನ್ನು ಮಾರಿ ಹಣ ಮಾಡುವುದಕ್ಕೂ ಸಾಮಾನ್ಯವಾಗಿ ಅವಕಾಶವಿರುವುದಿಲ್ಲ. ಪರೀಕ್ಷೆಗೆ ಓದಬೇಕಾದ ವಿದ್ಯಾರ್ಥಿ, ಕಚೇರಿಯಿಂದ ದಣಿದು ಬಂದ ಗುಮಾಸ್ತ, ನಿದ್ದೆ ಬಾರದ ನಿವೃತ್ತ, ಹೀಗೆ ಯಾರು ಯಾರೋ ರಾತ್ರಿಗಟ್ಟಲೆ ಕುಳಿತು ಮಾಡಿದ ಕೆಲಸಕ್ಕೆ ದೊರೆಯುವ ಪ್ರತಿಫಲ ಒಂದೇ. ‘ಇದನ್ನು ಮಾಡಿದವರು ಇಂಥವರು’ ಎಂಬ ಒಂದು ಸಾಲು. ಹೆಸರೊಂದೇ ಕೂಲಿಯಾದ ಕಡೆ ಹೆಸರನ್ನು ಕದಿಯುವುದೆಂದರೆ ಕೂಲಿಯನ್ನೇ ಕದ್ದಂತೆ.

ಕೈಯಿಂದ ಕೈಗೆ

ಡೋಟಾದ ಕಥೆಯನ್ನೇ ತುಸು ಬಿಡಿಸಿ ನೋಡೋಣ. 2002ರಲ್ಲಿ ಬ್ಲಿಜರ್ಡ್ ಕಂಪನಿ ‘ವಾರ್‌ಕ್ರಾಫ್ಟ್ 3’ ಎಂಬ ಆಟವನ್ನು ಬಿಡುಗಡೆ ಮಾಡಿದಾಗ, ಆಟದ ಬಯಲನ್ನು ತಾವೇ ವಿನ್ಯಾಸ ಮಾಡಿಕೊಳ್ಳುವ ಸಾಧನವೊಂದನ್ನೂ ಆಟಗಾರರ ಕೈಗಿತ್ತಿತು. ಅದಕ್ಕೂ ಮೊದಲೇ ಅದೇ ಕಂಪನಿಯ ‘ಸ್ಟಾರ್‌ಕ್ರಾಫ್ಟ್’ ಆಟಕ್ಕಾಗಿ ಹವ್ಯಾಸಿಯೊಬ್ಬ ‘ಇಯಾನ್ ಆಫ್ ಸ್ಟ್ರೈಫ್’ ಎಂಬ ನಕ್ಷೆ ರಚಿಸಿದ್ದ. ಆ ಕಲ್ಪನೆಯಿಂದ ಪ್ರೇರಿತನಾದ ಯೂಲ್ ವಾರ್‌ಕ್ರಾಫ್ಟ್‌ನ ಬಯಲಿನಲ್ಲಿ ಡೋಟಾ ಕಟ್ಟಿದ. ಅದರ ಬೆನ್ನಿಗೆ ಬೇರೆ ಬೇರೆಯವರ ಹಲವಾರು ಡೋಟಾಗಳು ಹುಟ್ಟಿಕೊಂಡವು. ಮೀಯಾನ್ ಮತ್ತು ರಾಗ್ನಾರ್ ಎಂಬ ಅಡ್ಡಹೆಸರಿನವರು ಅವುಗಳಲ್ಲಿನ ಜನಪ್ರಿಯ ವೀರರನ್ನೆಲ್ಲ ಒಂದೆಡೆ ಕಲೆಹಾಕಿ ‘ಡೋಟಾ ಆಲ್‌ಸ್ಟಾರ್ಸ್’ ರೂಪಿಸಿದರು. ಅದರ ಹೊಣೆ ಮುಂದೆ ‘ಗಿನ್ಸೂ’ ಎಂದೇ ಪ್ರಸಿದ್ಧನಾದ ಸ್ಟೀವ್ ಫೀಕ್‌ನ ಕೈಗೆ ಬಂತು. 2005ರಲ್ಲಿ ‘ಐಸ್‌ಫ್ರಾಗ್’ ಎಂಬಾತನಿಗೆ ದಾಟಿತು. ಫೀಕ್ ಸೇರಿಕೊಂಡ ರಾಯಟ್ ಕಂಪನಿ 2009ರಲ್ಲಿ ‘ಲೀಗ್ ಆಫ್ ಲೆಜೆಂಡ್ಸ್’ ಹೊರತಂದಿತು. ಐಸ್‌ಫ್ರಾಗ್‌ನನ್ನು ಸೇರಿಸಿಕೊಂಡ ವಾಲ್ವ್ 2013ರಲ್ಲಿ ‘ಡೋಟಾ 2’ ಬಿಡುಗಡೆ ಮಾಡಿತು. ‘ಡೋಟಾ’ ಎಂಬ ಹೆಸರಿಗಾಗಿಯೇ ಬ್ಲಿಜರ್ಡ್ ಮತ್ತು ವಾಲ್ವ್ ಜಗಳವಾಡಿ 2012ರಲ್ಲಿ ರಾಜಿಯಾದವು. 2021ರ ಹೊತ್ತಿಗೆ ಡೋಟಾ 2ರ ವಾರ್ಷಿಕ ವಿಶ್ವ ಪಂದ್ಯಾವಳಿಯ ಬಹುಮಾನದ ಮೊತ್ತವೇ 4 ಕೋಟಿ ಡಾಲರುಗಳನ್ನು ದಾಟಿತ್ತು. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡಿತೆಂಬ ಗಾದೆ ಇಂಥ ಹೊತ್ತಿನಲ್ಲಿ ನೆನಪಾಗದಿರದು. ಆದರೆ ಗಾದೆ ಇಲ್ಲಿ ಪೂರ್ತಿ ಒಪ್ಪುವುದೂ ಇಲ್ಲ. ಗೆದ್ದಲುಗಳಲ್ಲಿ ಕೆಲವರಿಗೆ ಕಂಪನಿಗಳಲ್ಲಿ ಉದ್ಯೋಗ ದೊರೆಯಿತು, ಕೀರ್ತಿಯೂ ದೊರೆಯಿತು. ಉಳಿದವರು ಮಾತ್ರ ಮಣ್ಣಿನಲ್ಲಿ ಮಣ್ಣಾದರು.

ಈ ಸರಪಳಿಯಲ್ಲಿ ಒಂದು ಸೊಗಸಾದ ಸಂಗತಿಯಿದೆ. ಡೋಟಾದಲ್ಲಿ ಆಟಗಾರರು ಕೊಳ್ಳಬಹುದಾದ ಆಯುಧಗಳಲ್ಲಿ ಒಂದರ ಹೆಸರು ‘ಯೂಲ್‌ನ ದಿವ್ಯದಂಡ’. ಹಿಂದಿನ ಡೋಟಾದಲ್ಲಿ ಗಿನ್ಸೂವಿನ ಹೆಸರಿನ ಕುಡುಗೋಲೂ ಇತ್ತು. ಡೋಟಾ 2ರಲ್ಲಿ ಕುಡುಗೋಲು ಉಳಿದರೂ ಗಿನ್ಸೂವಿನ ಹೆಸರು ಉದುರಿಹೋಯಿತು. ಯೂಲ್‌ನ ದಂಡ ಮಾತ್ರ ಹೆಸರು ಸಮೇತ ಉಳಿಯಿತು. ಪ್ರತಿದಿನ ಲಕ್ಷಾಂತರ ಮಂದಿ ಅದನ್ನು ಕೈಗೆತ್ತಿಕೊಳ್ಳುತ್ತಾರೆ. ಅದು ವ್ಯಕ್ತಿಯೊಬ್ಬನ ಹೆಸರೆಂದು ಅವರಲ್ಲಿ ಎಷ್ಟು ಮಂದಿಗೆ ಗೊತ್ತೋ ಕಾಣೆ. ಆದರೂ ಹೆಸರು ಅಲ್ಲಿದೆ.

ಕೃತಿಯೊಳಗೇ ಕರ್ತೃವಿನ ಗುರುತು ಇಡುವ ಈ ಪರಿ ನಮಗೆ ಹೊಸತಲ್ಲ. ವಚನಕಾರರಿಗೆ ಅಂಕಿತವಿತ್ತು. ಬೇಲೂರಿನ ಚೆನ್ನಕೇಶವ ದೇಗುಲದ ಶಿಲ್ಪಗಳಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಮೊದಲಾದ ರೂವಾರಿಗಳ ಹೆಸರುಗಳು ಇಂದಿಗೂ ಓದಸಿಗುತ್ತವೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರಿದೆ. ಕಟ್ಟಿಸಿದ ಅರಸನ ಹೆಸರಿನ ಜೊತೆಗೆ ಕಡೆದವನ ಹೆಸರಿಗೂ ಕಲ್ಲಿನಲ್ಲಿ ಜಾಗ ದೊರೆಯಿತು. ಗಣಕದ ಆಟಗಳ ಉದ್ಯಮವಾದರೋ ಆರಂಭದಲ್ಲಿ ಅಷ್ಟು ಉದಾರವಾಗಿರಲಿಲ್ಲ. ಅಟಾರಿ ಕಂಪನಿಯ ಆಟಗಳಲ್ಲಿ ಅವುಗಳನ್ನು ರಚಿಸಿದವರ ಹೆಸರು ಇರುತ್ತಿರಲಿಲ್ಲ. ಬೇಸತ್ತ ವಾರೆನ್ ರಾಬಿನೆಟ್ ಎಂಬ ಪ್ರೋಗ್ರಾಮರ್ 1980ರ ಸುಮಾರಿಗೆ ಹೊರಬಂದ ‘ಅಡ್ವೆಂಚರ್’ ಎಂಬ ಆಟದೊಳಗೆ ಯಾರಿಗೂ ತಿಳಿಸದೆ ಗುಪ್ತ ಕೋಣೆಯೊಂದನ್ನು ನಿರ್ಮಿಸಿ, ಅದರಲ್ಲಿ ತನ್ನ ಹೆಸರನ್ನು ಬರೆದಿಟ್ಟ. 1979ರಲ್ಲಿ ಅಟಾರಿ ತೊರೆದ ಪ್ರೋಗ್ರಾಮರುಗಳು ಸೇರಿ ಆಕ್ಟಿವಿಷನ್ ಕಂಪನಿ ಸ್ಥಾಪಿಸಿದ್ದಕ್ಕೂ ಸಿಗದ ಹಣದ ಜೊತೆಗೆ ಸಿಗದ ಹೆಸರು ಒಂದು ಕಾರಣವಾಗಿತ್ತು.

ಹೆಸರನ್ನು ಹಂಚಿಕೊಳ್ಳುವ ಸೌಜನ್ಯಕ್ಕೂ ಉದಾಹರಣೆಗಳಿವೆ. 1999ರಲ್ಲಿ ‘ಹಾಫ್-ಲೈಫ್’ ಆಟದ ಮಾಡ್ ಆಗಿ ಆರಂಭವಾದ ‘ಕೌಂಟರ್-ಸ್ಟ್ರೈಕ್’ನ ಜನಕರು ಮಿನ್ ಲೀ ಮತ್ತು ಜೆಸ್ ಕ್ಲಿಫ್. ಮರುವರ್ಷವೇ ಅದು ವಾಲ್ವ್ ಕಂಪನಿಯ ಪಾಲಾಯಿತು. ನಮ್ಮ ನಗರಗಳ ಸೈಬರ್ ಕೆಫೆಗಳಲ್ಲಿ ಗಂಟೆಯ ಲೆಕ್ಕದಲ್ಲಿ ಕಾಸು ತೆತ್ತು ಈ ಆಟವಾಡಿದ ತಲೆಮಾರಿಗೆ ‘ಡಸ್ಟ್’ ಎಂಬ ನಕ್ಷೆ ತಮ್ಮ ಬೀದಿಯಷ್ಟೇ ಪರಿಚಿತ. ಅದನ್ನು ರಚಿಸಿದ್ದು ಮಿನ್ ಲೀ ಅಲ್ಲ, ಕ್ಲಿಫ್ ಅಲ್ಲ. ಆಗಿನ್ನೂ ಹದಿಹರೆಯದಲ್ಲಿದ್ದ ಬ್ರಿಟನ್ನಿನ ಡೇವ್ ಜಾನ್‌ಸ್ಟನ್. ಆ ಜಾನ್‌ಸ್ಟನ್ ನಕ್ಷೆ ಹುಟ್ಟಿದ ಬಗೆಯನ್ನು ಮುಂದೆ ತಾನೇ ವಿವರವಾಗಿ ಬರೆದ. ವಾಲ್ವ್‌ನದೇ ಇನ್ನೊಂದು ಆಟದ ಮುನ್ನೋಟದ ಚಿತ್ರಗಳನ್ನು ಕಂಡು ತನಗೆ ಅದರ ಕಲ್ಪನೆ ಬಂದದ್ದು, ಮರಳುಗಾಡಿನ ಆ ಗೋಡೆಗಳಿಗೆ ಬಣ್ಣ ಮತ್ತು ಮೇಲ್ಮೈ ಚಿತ್ರಗಳನ್ನು ಕ್ರಿಸ್ ಆಶ್ಟನ್ ಮಾಡಿಕೊಟ್ಟದ್ದು, ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿದ. ಇದರಿಂದ ಅವನ ಕೀರ್ತಿಗೆ ಕುಂದೇನೂ ಬರಲಿಲ್ಲ.

ನಾನು ಅಳಿಸಿದ ಕಡತ

ಈಗ ನನ್ನ ಕಥೆ. ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿಯ ‘ಕ್ರಿಕೆಟ್ 07’ ಎಂಬ ಆಟ 2006ರ ಕೊನೆಯಲ್ಲಿ ಬಿಡುಗಡೆಯಾಯಿತು. ಆ ಸರಣಿಯ ಕೊನೆಯ ಆಟವೂ ಅದೇ ಆಯಿತು. ಕಂಪನಿ ಕೈಬಿಟ್ಟರೂ ಭಾರತ, ಪಾಕಿಸ್ತಾನಗಳ ಅಭಿಮಾನಿಗಳು ಅದನ್ನು ಸಾಯಲು ಬಿಡಲಿಲ್ಲ. 2008ರಲ್ಲಿ ಐಪಿಎಲ್ ಆರಂಭವಾದಾಗ ಅದರ ತಂಡಗಳು, ಸಮವಸ್ತ್ರಗಳು, ಆಟಗಾರರ ಮುಖಗಳು, ಬ್ಯಾಟಿನ ಮೇಲಿನ ಚಿತ್ತಾರ, ಕ್ರೀಡಾಂಗಣಗಳು ಎಲ್ಲವನ್ನೂ ಹವ್ಯಾಸಿಗಳೇ ರಚಿಸಿ ‘ಪ್ಯಾಚ್’ ಎಂಬ ಹೆಸರಿನಲ್ಲಿ ಹಂಚತೊಡಗಿದರು. ಒಬ್ಬ ಮುಖಗಳನ್ನು ಮಾಡಿದರೆ ಇನ್ನೊಬ್ಬ ಅಂಗಿ ಹೊಲಿಯುತ್ತಿದ್ದ. ಮತ್ತೊಬ್ಬ ಆಟಗಾರರ ಪಟ್ಟಿ ತಿದ್ದುತ್ತಿದ್ದ. ಕಂಪನಿಯೊಂದು ಮುಗಿಸಿದ ಆಟವನ್ನು ಹೀಗೆ ವರ್ಷ ವರ್ಷವೂ ಹೊಸದಾಗಿಟ್ಟವರು ಸಂಬಳವಿಲ್ಲದ ಈ ಹುಡುಗರು.

2009ರಲ್ಲಿ ಲೋಕಸಭಾ ಚುನಾವಣೆಯ ಕಾರಣದಿಂದ ಐಪಿಎಲ್ ಪಂದ್ಯಗಳೆಲ್ಲ ದಕ್ಷಿಣ ಆಫ್ರಿಕಕ್ಕೆ ಹೋದವು. ಕುಂಬ್ಳೆಯ ಬೆಂಗಳೂರು ತಂಡ ಫೈನಲ್ ತಲುಪಿ, ಹೈದರಾಬಾದಿನ ಡೆಕ್ಕನ್ ಚಾರ್ಜರ್ಸ್ ಎದುರು 6 ರನ್ನುಗಳಿಂದ ಸೋತಿತು. ಹಾಸ್ಟೆಲಿನಲ್ಲಿದ್ದ ನಮಗೆ ಅದು ಮನೆಯ ಸಾವಿನಷ್ಟೇ ದುಃಖದ ಸಂಗತಿ. ಗಣಕದಲ್ಲಾದರೂ ಆ ಫೈನಲನ್ನು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮತ್ತೆ ಆಡಿ ಗೆಲ್ಲಬೇಕೆಂಬ ಹಟ ನನಗೆ ಹತ್ತಿತು. ಅಲ್ಲಿ ಇಲ್ಲಿ ಹುಡುಕಿ ಬೇರೆ ಬೇರೆಯವರ ಕೆಲಸಗಳನ್ನು ಇಳಿಸಿಕೊಂಡೆ. ಒಂದರಲ್ಲಿ ಕೆಂಪು ಸಮವಸ್ತ್ರ, ಒಂದರಲ್ಲಿ ದ್ರಾವಿಡ್ ಮತ್ತು ಕುಂಬ್ಳೆಯ ಮುಖಗಳು, ಮತ್ತೊಂದರಲ್ಲಿ ಕ್ರೀಡಾಂಗಣ. ಆ ಕ್ರೀಡಾಂಗಣವನ್ನು ಮಾಡಿದವನ ಶ್ರದ್ಧೆ ನೋಡಿ ನಾನು ಬೆರಗಾಗಿದ್ದೆ. ಚಾವಣಿಯ ನೆರಳು ಮೈದಾನದ ಮೇಲೆ ಬೀಳುವ ರೀತಿಯನ್ನೂ ಆತ ಬಿಟ್ಟಿರಲಿಲ್ಲ. ಪ್ರತಿಯೊಂದು ಪೊಟ್ಟಣದೊಳಗೂ ‘ರೀಡ್‌ಮಿ’ ಎಂಬ ಪುಟ್ಟ ಕಡತವಿತ್ತು. ಮಾಡಿದವರು ಯಾರು, ಯಾವುದನ್ನು ಯಾರಿಂದ ಪಡೆದರು, ಯಾರಿಗೆ ಕೃತಜ್ಞರು ಎಂಬ ವಿವರ ಅದರಲ್ಲಿ.

ನಾನು ಎಲ್ಲವನ್ನೂ ಒಂದು ಸಿ.ಡಿ.ಗೆ ತುಂಬಿದೆ. ಕಡತಗಳ ಗೋಜಲು ಬೇಡವೆಂದು ಆ ರೀಡ್‌ಮಿಗಳನ್ನೆಲ್ಲ ಅಳಿಸಿ, ಆರಂಭದ ಪರದೆಯ ಮೇಲೆ ದಪ್ಪಕ್ಷರದಲ್ಲಿ ನನ್ನ ಹೆಸರು ಹಾಕಿದೆ. ನಿಜ ಹೇಳಬೇಕೆಂದರೆ ಗೋಜಲು ಒಂದು ನೆಪ. ಆ ಸಿ.ಡಿ. ಕೋಣೆಯಿಂದ ಕೋಣೆಗೆ, ಕಾಲೇಜಿನಿಂದ ಕಾಲೇಜಿಗೆ ಹೋಯಿತು. ಪರಿಚಯವಿಲ್ಲದವರೂ ಬಂದು ‘ಆ ಸ್ಟೇಡಿಯಂ ಮಾಡಿದ್ದು ನೀವೇನಾ?’ ಎಂದು ಕೇಳಿದರು. ನಾನು ಹೌದೆನ್ನಲಿಲ್ಲ. ಅಲ್ಲವೆಂದೂ ಅನ್ನಲಿಲ್ಲ.

ಕೆಲವು ತಿಂಗಳ ನಂತರ ಕ್ರೀಡಾಂಗಣ ಮಾಡಿದ ಹುಡುಗನಿಂದ ಒಂದು ಮಿಂಚಂಚೆ ಬಂತು. ಬೈಗುಳವಿರಲಿಲ್ಲ. ‘ನನ್ನ ಹೆಸರನ್ನು ಏಕೆ ತೆಗೆದಿರಿ ಎಂದು ತಿಳಿಯಬಹುದೇ?’ ಎಂಬ ಒಂದೇ ವಾಕ್ಯ. ನಾನು ಉತ್ತರ ಬರೆಯಲಿಲ್ಲ.

ಹಣ ಬಂದಾಗ

ಹೆಸರಿನ ವಿಚಾರ ಹುಡುಗಾಟಿಕೆಯ ಮುನಿಸೆಂದು ತಳ್ಳಿಹಾಕುವವರಿಗೆ 2015ರ ಏಪ್ರಿಲ್ ತಿಂಗಳ ಒಂದು ಪ್ರಸಂಗ ಪಾಠವಾಗಬೇಕು. ಬೆಥೆಸ್ಡಾ ಕಂಪನಿಯ ‘ಸ್ಕೈರಿಮ್’ 2011ರಲ್ಲಿ ಬಿಡುಗಡೆಯಾದಂದಿನಿಂದ ಮಾಡ್‌ಗಳ ಮಹಾಜಾತ್ರೆಯೇ ಆಗಿದೆ. ಏಪ್ರಿಲ್ 23ರಂದು ವಾಲ್ವ್ ಮತ್ತು ಬೆಥೆಸ್ಡಾ ಒಟ್ಟುಗೂಡಿ, ಇನ್ನು ಮೇಲೆ ಮಾಡ್‌ಗಳನ್ನು ಬೆಲೆ ಕಟ್ಟಿ ಮಾರಬಹುದೆಂದು ಸಾರಿದವು. ಮಾರಾಟದ ಮೊತ್ತದಲ್ಲಿ ಮಾಡಿದವನಿಗೆ ಶೇ 25, ಬೆಥೆಸ್ಡಾಗೆ ಶೇ 45, ವಾಲ್ವ್‌ಗೆ ಶೇ 30. ಆಟಗಾರರ ಪ್ರತಿಭಟನೆ ಎಷ್ಟು ತೀವ್ರವಾಯಿತೆಂದರೆ 27ರಂದೇ ಯೋಜನೆಯನ್ನು ಹಿಂತೆಗೆದುಕೊಂಡು ಕೊಂಡವರಿಗೆ ಹಣ ಮರಳಿಸಬೇಕಾಯಿತು.

ಶೇ 25 ಎಂಬ ಜಿಪುಣತನದ ಬಗ್ಗೆ ಸಾಕಷ್ಟು ಚರ್ಚೆಯಾಯಿತು. ಅದಕ್ಕಿಂತ ಮುಖ್ಯವಾದ ಇನ್ನೊಂದು ಪ್ರಶ್ನೆ ಮೊದಲ ದಿನಗಳಲ್ಲೇ ಎದ್ದಿತ್ತು. ಮಾರಾಟಕ್ಕಿಟ್ಟವುಗಳಲ್ಲಿ ಮೀನು ಹಿಡಿಯುವ ಒಂದು ಮಾಡ್ ಇತ್ತು. ಪಾತ್ರ ಗಾಳ ಎಸೆಯುವ ಆ ಚಲನೆ ಇನ್ನೊಬ್ಬ ಹವ್ಯಾಸಿ ಉಚಿತವಾಗಿ ಹಂಚಿದ್ದ ಸಾಧನವನ್ನು ಅವಲಂಬಿಸಿತ್ತು. ತನ್ನ ಕೆಲಸ ಮಾರಾಟದ ಸರಕಿನ ಭಾಗವಾಗುವುದಕ್ಕೆ ಆತ ಒಪ್ಪಿರಲಿಲ್ಲ. ಆ ಮಾಡ್ ಅನ್ನು ಬೇಗನೆ ತೆಗೆಯಬೇಕಾಯಿತು.

ಇಲ್ಲಿ ಖಳನಾಯಕನನ್ನು ಹುಡುಕುವುದು ವ್ಯರ್ಥ. ಮಾಡ್‌ಗಳ ಲೋಕದಲ್ಲಿ ಯಾರೂ ಬರಿಗೈಯಿಂದ ಕಟ್ಟುವುದಿಲ್ಲ. ಸ್ಕೈರಿಮ್‌ನ ಅಸಂಖ್ಯ ಮಾಡ್‌ಗಳು ‘ಸ್ಕ್ರಿಪ್ಟ್ ಎಕ್ಸ್‌ಟೆಂಡರ್’ ಎಂಬ, ಹವ್ಯಾಸಿಗಳೇ ರೂಪಿಸಿದ ತಂತ್ರಾಂಶವಿಲ್ಲದೆ ನಡೆಯುವುದೇ ಇಲ್ಲ. ಒಂದು ಹೊಸ ಕತ್ತಿಯನ್ನು ನೋಡಿ ನಾವು ಬೆರಗಾಗುತ್ತೇವೆ. ಅದರ ಆಕಾರ ಒಬ್ಬನದು, ಮೇಲಿನ ತುಕ್ಕಿನ ಬಣ್ಣ ಇನ್ನೊಬ್ಬನದು, ಬೀಸಿದಾಗಿನ ಸದ್ದು ಮತ್ತೊಬ್ಬನದು. ಇವೆಲ್ಲ ಆಟದೊಳಗೆ ಕೂಡಿ ನಿಲ್ಲುವಂತೆ ಮಾಡಿದ ಸಾಧನ ಮಗದೊಬ್ಬನದು. ಹೆಸರುಗಳಷ್ಟೇ ವಿನಿಮಯವಾಗುತ್ತಿದ್ದಾಗ ಈ ಹೆಣಿಗೆ ಹೇಗೋ ನಡೆದಿತ್ತು. ಹಣ ಬಂದೊಡನೆ ಯಾರ ಪಾಲೆಷ್ಟು ಎಂದು ಲೆಕ್ಕ ಹಾಕಬೇಕಾಯಿತು. ಲೆಕ್ಕಕ್ಕೆ ಬೇಕಾದ ಖಾತೆಪುಸ್ತಕವಾದರೋ ಅರೆಬರೆಯಾಗಿತ್ತು. ‘ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ’ ಎಂಬಂತೆ ನಡೆದದ್ದರ ಫಲವಿದು. ನೆರವಾದವರ ಪಟ್ಟಿಯನ್ನು ಮೊದಲಿನಿಂದಲೂ ನಿಷ್ಠೆಯಿಂದ ಬರೆದಿಟ್ಟಿದ್ದರೆ ಜಗಳ ತಪ್ಪುತ್ತಿತ್ತೆಂದು ಹೇಳಲಾರೆ. ಕನಿಷ್ಠ ಯಾರನ್ನು ಕೇಳಬೇಕೆಂಬುದಾದರೂ ತಿಳಿಯುತ್ತಿತ್ತು.

ಅನುಮತಿ ಬೇರೆ, ಮನ್ನಣೆ ಬೇರೆ

ಈ ಬಗ್ಗೆ ಮಾಡ್ ಮಾಡುವವರಲ್ಲೇ ಎರಡು ಪಂಥಗಳಿವೆ. ಒಂದು ಪಂಥದವರಿಗೆ ಮಾಡ್ ಎಂದರೆ ತಲೆಮಾರುಗಳು ಕೂಡಿ ಕಟ್ಟುವ ದೇವಾಲಯ. ಯಾರ ಕಲ್ಲನ್ನು ಯಾರು ಬೇಕಾದರೂ ಎತ್ತಿ ಮುಂದಿನ ಸಾಲಿಗೆ ಇಡಬಹುದು. ಇನ್ನೊಂದು ಪಂಥದವರಿಗೆ ಅದು ತಮ್ಮ ಮನೆಯ ಪಡಸಾಲೆ. ಬಂದು ಕುಳಿತುಕೊಳ್ಳಿ, ನೋಡಿ ಸಂತೋಷಪಡಿ. ಆದರೆ ಕೇಳದೆ ಕುರ್ಚಿ ಎತ್ತಿಕೊಂಡು ಹೋಗಬೇಡಿ ಎನ್ನುತ್ತಾರೆ. ಮಾಡ್‌ಗಳ ಬಹುದೊಡ್ಡ ಭಂಡಾರಗಳಲ್ಲಿ ಒಂದಾದ ನೆಕ್ಸಸ್ ಮಾಡ್ಸ್‌ನಲ್ಲಿ ಪ್ರತಿಯೊಂದು ಮಾಡ್‌ಗೂ ಅನುಮತಿ ಮತ್ತು ಮನ್ನಣೆಯ ವಿವರ ಬರೆಯಲು ಪ್ರತ್ಯೇಕ ಜಾಗವೇ ಇದೆ. ಅದೇ ನೆಕ್ಸಸ್ 2021ರಲ್ಲಿ, ಇನ್ನು ಮುಂದೆ ಮಾಡಿದವರೇ ಬಯಸಿದರೂ ಕಡತಗಳನ್ನು ಪೂರ್ತಿ ಅಳಿಸಲಾಗದು, ಸಂಗ್ರಹದಲ್ಲಿ ಉಳಿಯುತ್ತವೆ ಎಂದು ಪ್ರಕಟಿಸಿತು. ಬೇಡವೆನ್ನುವವರಿಗೆ ಕೆಲವು ವಾರಗಳ ಗಡುವು ಕೊಟ್ಟಾಗ, ಹಲವರು ವರ್ಷಗಳ ದುಡಿಮೆಯನ್ನೇ ಅಳಿಸಿಹಾಕಿ ಹೊರನಡೆದರು. ಇಬ್ಬರ ಮಾತಿನಲ್ಲೂ ಹುರುಳಿದೆ. ಸಾವಿರಾರು ಜನರ ಆಟ ಒಬ್ಬನ ಮುನಿಸಿನಿಂದ ಕುಸಿಯಬಾರದು ಎಂಬುದು ನಿಜ. ತನ್ನ ಬೆವರಿನ ಮೇಲೆ ತನಗೊಂದು ಮಾತು ಇರಬೇಕೆಂಬುದೂ ನಿಜ.

ಗಮನಿಸಬೇಕಾದ್ದು ಇದು: ಅನುಮತಿಯ ವಿಷಯದಲ್ಲಿ ಉತ್ತರ-ದಕ್ಷಿಣವಾಗಿರುವ ಈ ಎರಡೂ ಪಂಥಗಳು ಹೆಸರಿನ ವಿಷಯದಲ್ಲಿ ಒಂದಾಗುತ್ತವೆ. ‘ಕೇಳದೆ ಬಳಸಿ’ ಎನ್ನುವವನೂ ‘ಹೆಸರು ತೆಗೆಯಿರಿ’ ಎನ್ನುವುದಿಲ್ಲ. ಯೂಲ್ ಹೇಳಿದ್ದೂ ಅದನ್ನೇ. ಹಕ್ಕನ್ನು ಬಿಟ್ಟುಕೊಡಬಹುದು, ಹಣವನ್ನು ನಿರಾಕರಿಸಬಹುದು. ‘ಇದನ್ನು ಮಾಡಿದವನು ನಾನು’ ಎಂಬ ಸತ್ಯ ಮಾತ್ರ ವ್ಯಾಪಾರದ ವಸ್ತುವಲ್ಲ.

ನಮ್ಮ ಕಾನೂನೂ ಈ ಸೂಕ್ಷ್ಮವನ್ನು ಬಲ್ಲದು. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಮಿನ ಪ್ರಕಾರ, ಲೇಖಕ ತನ್ನ ಕೃತಿಸ್ವಾಮ್ಯವನ್ನು ಪೂರ್ತಿಯಾಗಿ ಪರಭಾರೆ ಮಾಡಿದ ಮೇಲೂ ಆ ಕೃತಿಯ ಕರ್ತೃ ತಾನೆಂದು ಹೇಳಿಕೊಳ್ಳುವ ಹಕ್ಕು ಅವನಲ್ಲಿ ಉಳಿಯುತ್ತದೆ. ಇದರ ಎದುರಿಗೆ ಬ್ಲಿಜರ್ಡ್ ಕಂಪನಿ 2020ರ ಜನವರಿಯಲ್ಲಿ ವಾರ್‌ಕ್ರಾಫ್ಟ್ 3ರ ನವೀಕೃತ ಆವೃತ್ತಿ ಹೊರಬರುವ ವೇಳೆಗೆ ರೂಪಿಸಿದ ನಿಯಮವನ್ನು ಇಟ್ಟು ನೋಡಬೇಕು. ಅದರ ಸಾಧನ ಬಳಸಿ ಆಟಗಾರರು ರಚಿಸುವ ಆಟಗಳೆಲ್ಲ ಕಂಪನಿಯ ಸ್ವತ್ತು. ಕಾನೂನು ಅವಕಾಶ ಕೊಡುವಷ್ಟರ ಮಟ್ಟಿಗೆ ರಚನಕಾರರು ತಮ್ಮ ನೈತಿಕ ಹಕ್ಕುಗಳನ್ನೂ ಬಿಟ್ಟುಕೊಡಬೇಕು. ಇನ್ನೊಂದು ಡೋಟಾ ಕೈತಪ್ಪಿ ಹೋಗಬಾರದೆಂಬ ಮುನ್ನೆಚ್ಚರಿಕೆ ಇದೆಂದು ಹಲವರು ಭಾವಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಒಡೆತನವನ್ನು ಕೇಳಿದ್ದು ಅರ್ಥವಾಗುತ್ತದೆ. ಕರ್ತೃತ್ವವನ್ನೂ ಏಕೆ ಕೇಳಬೇಕು?

ಮೂಲ ಆಟವೇ ಇನ್ನೊಬ್ಬರದು, ಹೀಗಿರುವಾಗ ಅದರ ಮೇಲೆ ಕಟ್ಟಿದವರಿಗೆ ಎಲ್ಲಿಯ ಹಕ್ಕು ಎಂದು ಕೇಳುವವರೂ ಇದ್ದಾರೆ. ಪ್ರಶ್ನೆ ಸರಿಯಾದದ್ದೇ. ಆದರೆ ಹೊಲ ಯಾರದಾದರೂ ಉತ್ತವನು ಯಾರೆಂಬುದು ಬದಲಾಗುವುದಿಲ್ಲ. ಭೂಮಿಯ ಪತ್ರ ಜಮೀನುದಾರನಲ್ಲಿರಬಹುದು. ಬೆಳೆ ತೆಗೆದವನು ತಾನೆಂದು ಅವನು ಹೇಳಿಕೊಳ್ಳುವಂತಿಲ್ಲ.

ನ್ಯಾಯವೆಂದರೇನು?

ಹಾಗಾದರೆ ನ್ಯಾಯಯುತವಾಗಿ ಹೆಸರು ಕೊಡುವುದೆಂದರೆ ಏನು? ನನ್ನ ತಿಳಿವಿನ ಮಟ್ಟಿಗೆ ನಾಲ್ಕೈದು ಸಂಗತಿಗಳು.

ಮೊದಲನೆಯದು, ‘ಸಹಕರಿಸಿದ ಎಲ್ಲರಿಗೂ ವಂದನೆಗಳು’ ಎಂಬ ಮಾತು ಮನ್ನಣೆಯಲ್ಲ. ಮದುವೆ ಮನೆಯ ವಂದನಾರ್ಪಣೆಯಲ್ಲಿ ಅದು ನಡೆದೀತು. ಯಾರು ಏನು ಮಾಡಿದರು ಎಂಬುದನ್ನು ಬಿಡಿಸಿ ಹೇಳಿದಾಗ ಮಾತ್ರ ಅದು ದಾಖಲೆಯಾಗುತ್ತದೆ. ನಕ್ಷೆ ಇವರದು, ಸದ್ದು ಅವರದು, ಭಾಷಾಂತರ ಮತ್ತೊಬ್ಬರದು ಎಂದು ಬರೆಯಬೇಕು.

ಎರಡನೆಯದು, ಸರಪಳಿಯನ್ನು ಕಡಿಯಬಾರದು. ನಾನು ಪಡೆದದ್ದು ರಾಮನಿಂದ, ಆದರೆ ರಾಮ ಪಡೆದದ್ದು ಭೀಮನಿಂದ ಎಂದಾದರೆ ನನ್ನ ಪಟ್ಟಿಯಲ್ಲಿ ಇಬ್ಬರೂ ಇರಬೇಕು. ಪೊಟ್ಟಣದೊಡನೆ ಬಂದ ರೀಡ್‌ಮಿಯನ್ನು ಹಾಗೆಯೇ ಮುಂದಕ್ಕೆ ದಾಟಿಸುವುದು ಇದಕ್ಕೆ ಅತ್ಯಂತ ಸುಲಭದ ಉಪಾಯ. ಏನನ್ನೂ ಮಾಡಬೇಕಾಗಿಲ್ಲ, ಅಳಿಸದಿದ್ದರೆ ಸಾಕು.

ಮೂರನೆಯದು, ಕಣ್ಣಿಗೆ ಕಾಣದವರನ್ನು ನೆನೆಯಬೇಕು. ಹಗಲಿರುಳೂ ಆಡಿ ದೋಷಗಳನ್ನು ಪಟ್ಟಿ ಮಾಡಿಕೊಟ್ಟವರು, ಸಾಧನ ತಯಾರಿಸಿದವರು, ಹೊಸಬರ ಪ್ರಶ್ನೆಗಳಿಗೆ ತಾಳ್ಮೆಯಿಂದ ಉತ್ತರಿಸಿದವರು ಯಾವ ಚಿತ್ರದಲ್ಲೂ ಕಾಣುವುದಿಲ್ಲ. ಬೇಲೂರಿನಲ್ಲಿ ದಾಸೋಜನ ಹೆಸರಿದೆ. ಕಲ್ಲನ್ನು ಗಣಿಯಿಂದ ಎಳೆದು ತಂದವರ ಹೆಸರಿಲ್ಲ. ಕಲ್ಲಿನಲ್ಲಿ ಜಾಗದ ಅಭಾವವಿತ್ತೆನ್ನೋಣ. ಗಣಕದ ಕಡತಕ್ಕೆ ಆ ನೆಪವಿಲ್ಲ.

ನಾಲ್ಕನೆಯದು, ಮಾಡಿದವರು ತಮ್ಮನ್ನು ಯಾವ ಹೆಸರಿನಿಂದ ಗುರುತಿಸಿಕೊಳ್ಳುತ್ತಾರೋ ಅದೇ ಹೆಸರನ್ನು ಬಳಸಬೇಕು. ಅಡ್ಡಹೆಸರು ಬೇಕೆನ್ನುವವರ ಅಸಲಿ ಹೆಸರನ್ನು ಬಯಲಿಗೆಳೆಯುವುದು ಮನ್ನಣೆಯಾಗದು. ಹೆಸರೇ ಬೇಡವೆಂದರೆ ಅದನ್ನೂ ಗೌರವಿಸಬೇಕು.

ಕೊನೆಯದು, ಹೆಸರು ಹಾಕಿದ ಮಾತ್ರಕ್ಕೆ ಅನುಮತಿ ಸಿಕ್ಕಿತೆಂದು ತಿಳಿಯಬಾರದು. ‘ಹೆಸರು ಹಾಕಿದ್ದೇನಲ್ಲ, ಇನ್ನೇನು?’ ಎಂಬ ಧಾಟಿಯ ಉತ್ತರ ಈ ಲೋಕದಲ್ಲಿ ಬಲು ಸಾಮಾನ್ಯ. ನೆರೆಮನೆಯ ಸೈಕಲ್ಲನ್ನು ಕೇಳದೆ ಒಯ್ದು, ಅದರ ಮೇಲೆ ಅವರದೇ ಹೆಸರು ಬರೆದರೆ ಸೈಕಲ್ ನಮ್ಮದಾಗುವುದಿಲ್ಲ. ಸಾಧ್ಯವಿದ್ದಲ್ಲಿ ಕೇಳಬೇಕು. ಕೇಳಲು ಯಾರೂ ಸಿಗದಿದ್ದರೆ ಕೇಳಲಾಗಲಿಲ್ಲವೆಂದೇ ಬರೆಯಬೇಕು.

ಈಚೆಗೆ ಇದಕ್ಕೆ ಇನ್ನೊಂದು ಮುಖ ಸೇರಿಕೊಂಡಿದೆ. ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳಿಂದ ಕಲಾವಿದರ ಧ್ವನಿಯನ್ನು ನಕಲು ಮಾಡಿ, ಅವರು ಎಂದೂ ಆಡದ ಮಾತುಗಳನ್ನು ಮಾಡ್‌ಗಳಲ್ಲಿ ಆಡಿಸುವುದು ಸಾಧ್ಯವಾಗಿದೆ. 2023ರಲ್ಲಿ ಸ್ಕೈರಿಮ್‌ನ ಮಾಡ್‌ಗಳ ಸಂಬಂಧ ಧ್ವನಿ ಕಲಾವಿದರು ಇದಕ್ಕೆ ಆಕ್ಷೇಪವೆತ್ತಿದರು. ತಾನು ಕೊಡುಗೆ ಕೊಟ್ಟಿದ್ದೇನೆಂಬುದೇ ತಿಳಿಯದವನಿಗೆ ಯಾವ ಪಟ್ಟಿಯಲ್ಲಿ ಜಾಗ ಕೊಡುವುದು? ಹೆಸರು ಹಾಕಿದರೂ ತೀರದ ಋಣವಿದು.

ಇಷ್ಟೆಲ್ಲ ಬರೆದ ಮೇಲೆ ಓದುಗರು ಸಹಜವಾಗಿ ಕೇಳಬಹುದು: ಆ ಚಿನ್ನಸ್ವಾಮಿ ಕ್ರೀಡಾಂಗಣವನ್ನು ಮಾಡಿದ ಹುಡುಗ ಯಾರು? ಈ ಲೇಖನದಲ್ಲಾದರೂ ಅವನ ಹೆಸರು ಹೇಳಬಾರದೇ? ಹೇಳಬೇಕೆಂಬ ಆಸೆ ನನಗೂ ಇದೆ. ಕೆಲವು ವರ್ಷಗಳ ಹಿಂದೆ ಕ್ಷಮೆ ಕೇಳೋಣವೆಂದು ಹುಡುಕಿದೆ. ಆ ಮಿಂಚಂಚೆಯ ಖಾತೆ ಎಂದೋ ಮುಚ್ಚಿಹೋಗಿತ್ತು. ಹಳೆಯ ಸಿ.ಡಿ.ಯೊಂದು ಮಾತ್ರ ಅಟ್ಟದ ಪೆಟ್ಟಿಗೆಯಲ್ಲಿ ಸಿಕ್ಕಿತು. ಹಾಕಿ ನೋಡಿದೆ. ಕ್ರೀಡಾಂಗಣ ಹಾಗೆಯೇ ಇತ್ತು. ಚಾವಣಿಯ ನೆರಳೂ ಹಾಗೆಯೇ ಬೀಳುತ್ತಿತ್ತು. ಆರಂಭದ ಪರದೆಯ ಮೇಲೆ ನನ್ನ ಹೆಸರಿತ್ತು. ಅವನ ಅಡ್ಡಹೆಸರು ಎಷ್ಟು ಯೋಚಿಸಿದರೂ ನೆನಪಿಗೆ ಬರಲಿಲ್ಲ. ಅದನ್ನು ನೆನಪಿಡಲೆಂದೇ ಇದ್ದ ಕಡತವನ್ನು ನಾನೇ ಅಳಿಸಿದ್ದೆ.